ನಿಂತ ಪುಟ, ನಡೆಯುವ ಪುಟ

ಕುಮಟೆಯಿಂದ ಹೊನ್ನಾವರದ ಶರಾವತಿ ಸೇತುವೆ ದಾಟಿ ಭಟ್ಕಳಕ್ಕೆ ರೈಲಿನಲ್ಲಿ ಸಾಗುವವರು ಒಂದು ಸಂಗತಿಯನ್ನು ಗಮನಿಸಿರಬಹುದು. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗವು ಈ ಭಾಗದಲ್ಲಿ ಒಂಟಿ ಹಳಿಯದು. ಎದುರು ಗಾಡಿ ಬರುವುದಿದ್ದರೆ ಒಂದು ಗಾಡಿಯನ್ನು ನಿಲ್ದಾಣದ ಪಕ್ಕದ ಹಳಿಗೆ ಸರಿಸಿ ನಿಲ್ಲಿಸುತ್ತಾರೆ. ಅದು ಮುಖ್ಯ ಹಳಿಯ ಮೇಲೆಯೇ ನಿಂತುಬಿಟ್ಟರೆ ಹಿಂದುಮುಂದಿನ ಸಂಚಾರವೆಲ್ಲ ಸ್ಥಗಿತ.

ಕಂಪ್ಯೂಟರಿನ ಬ್ರೌಸರಿನಲ್ಲಿಯೂ ಹೀಗೆಯೇ. ಅಕ್ಷರ ಮೂಡಿಸುವುದು, ಗುಂಡಿ ಒತ್ತಿದ್ದನ್ನು ಗ್ರಹಿಸುವುದು, ಜಾವಾಸ್ಕ್ರಿಪ್ಟಿನ ಆಜ್ಞೆಗಳನ್ನು ನಡೆಸುವುದು, ಬಹುಮಟ್ಟಿಗೆ ಎಲ್ಲಕ್ಕೂ ಒಂದೇ ಹಳಿ.

ಎರಡು ವರ್ಷದ ಹಿಂದೆ ನಮ್ಮ ಪರಿಚಯದ ಮನೆಯ ಮಗಳೊಬ್ಬಳ ವಿದ್ಯಾರ್ಥಿವೇತನದ ಅರ್ಜಿಗಾಗಿ ಹೊನ್ನಾವರದ ಅಂಗಡಿಯೊಂದರಲ್ಲಿ ಕುಳಿತಿದ್ದೆವು. ಕೊನೆಯ ದಿನದ ಸಂಜೆ. ಗುಂಡಿ ಒತ್ತಿದೊಡನೆ ಪುಟವು ಕಲ್ಲಾಯಿತು. ಮತ್ತೆ ಒತ್ತು ಎಂದು ಹೇಳಿದವರು ನಾವೇ, ಅಜ್ಞಾನದ ಮಾತು. ಅಂಗಡಿಯ ಹುಡುಗ ಪುಟದ ಒಳಬರಹವನ್ನು ತೆರೆದು ತೋರಿಸಿದ. ಬೇಡಿಕೆ ಕಳುಹಿಸುವ ಸಾಲಿನ ಮೂರನೆಯ ಸ್ಥಾನದಲ್ಲಿ ‘ಫಾಲ್ಸ್’ ಎಂದಿತ್ತು. ಅಂದರೆ, ದೂರದ ಸರ್ವರಿನಿಂದ ಉತ್ತರ ಬರುವವರೆಗೆ ಹಳಿಯನ್ನು ಬಿಡಬೇಡ ಎಂಬ ಆಜ್ಞೆ. ಅಲ್ಲಿ ‘ಟ್ರೂ’ ಎಂದಿದ್ದರೆ ಬೇಡಿಕೆಯು ಪಕ್ಕದ ಹಳಿಯಲ್ಲಿ ಕಾಯುತ್ತಿತ್ತು, ಪುಟ ನಡೆಯುತ್ತಿತ್ತು. ರಾತ್ರಿ ಒಂಬತ್ತಕ್ಕೆ ಎಲ್ಲವನ್ನೂ ಮೊದಲಿನಿಂದ ತುಂಬಿ ಅರ್ಜಿ ಸಲ್ಲಿಸಿದೆವು.

ಈ ವಿದ್ಯೆ ಹೊಸತಲ್ಲ. 1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರೊಡನೆಯೇ ಮೈಕ್ರೋಸಾಫ್ಟ್ ಸಂಸ್ಥೆ ಇದನ್ನು ಒದಗಿಸಿತ್ತು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಇಟ್ಟ ‘ಅಜಾಕ್ಸ್’ ಎಂಬ ಹೆಸರಿನ ಮೊದಲಕ್ಷರವೇ, ನಿಂತು ಕಾಯದ ಈ ಕ್ರಮವನ್ನು ಸೂಚಿಸುತ್ತದೆ. ಹಾಗಿದ್ದೂ ‘ಫಾಲ್ಸ್’ ಬರೆದವರೇಕೆ? ಸುಲಭವೆಂದು. ಉತ್ತರ ಕೈಗೆ ಬಂದ ಮೇಲೆಯೇ ಮುಂದಿನ ಸಾಲು ನಡೆಯುವುದರಿಂದ ಬರೆಯುವವನಿಗೆ ತಲೆನೋವಿಲ್ಲ, ನೋವೆಲ್ಲ ಬಳಸುವವನಿಗೆ. 2017ರ ಜಾವಾಸ್ಕ್ರಿಪ್ಟಿನಲ್ಲಿ ಬಂದ ‘ಅಸಿಂಕ್’, ‘ಅವೇಟ್’ ಎಂಬ ಪದಗಳಿಂದ ಆ ನೆಪವೂ ಹೋಯಿತು: ಬರಹ ಸಾಲುಸಾಲಾಗಿಯೇ ಇರುತ್ತದೆ, ಹಳಿ ಮಾತ್ರ ತೆರವು. ‘ಫೆಚ್’ ಎಂಬ ಈಚಿನ ವಿಧಾನದಲ್ಲಂತೂ ನಿಂತು ಕಾಯುವ ಬಗೆಯೇ ಇಲ್ಲ.

ಆದರೆ ನಡೆಯುವ ಪುಟವೂ ಮೋಸಗೊಳಿಸಬಲ್ಲದು. ಮರುವರ್ಷ ಅದೇ ಹುಡುಗಿಯ ತಮ್ಮ ತಾನೇ ಅರ್ಜಿ ತುಂಬಿದ. ಆ ಪುಟ ಚುರುಕಾಗಿತ್ತು. ಗುಂಡಿ ಒತ್ತಿದ ಮೇಲೂ ಮೇಲೆ ಕೆಳಗೆ ಸರಿಯುತ್ತಿತ್ತು. ಕೆಲಸ ಮುಗಿಯಿತೆಂದು ಆತ ಪುಟವನ್ನು ಮುಚ್ಚಿದ. ಉತ್ತರ ಬರುವ ಮೊದಲೇ ಪುಟ ಮುಚ್ಚಿದರೆ ಬೇಡಿಕೆ ನಡುದಾರಿಯಲ್ಲಿ ಕಡಿದುಹೋಗುವುದುಂಟು. ಅರ್ಜಿಯ ಸಂಖ್ಯೆ ತೆರೆಯ ಮೇಲೆ ಬಂದಿತ್ತೇ ಎಂದು ನಾವು ಕೇಳಿದಾಗ ಆತ ತಂದೆಯ ಮುಖ ನೋಡಿದ. ಆ ವರ್ಷದ ವೇತನ ದೊರೆಯಲಿಲ್ಲ.