ಕೇಪಿನ ಕೋವಿಗೆ ಕರಿಮದ್ದೋ, ಬದಲಿ ಮದ್ದೋ?



ಅಡಿಕೆ ಗೊನೆ ಬಲಿತು ಕಾಫಿ ಹಣ್ಣಿಗೆ ತಿರುಗುವ ದಿನಗಳು ಹತ್ತಿರವಾದಂತೆ ನಮ್ಮ ಕಚೇರಿಗೆ ಬರುವವರು ಗೊಬ್ಬರದ ದರದ ಜೊತೆಗೆ ಇನ್ನೊಂದು ಮಾತನ್ನೂ ಕೇಳುತ್ತಾರೆ: "ಕೋವಿಗೆ ಮದ್ದು ಎಲ್ಲಾದರೂ ಸಿಗುತ್ತದೆಯೇ ಸ್ವಾಮಿ?" ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಸಣ್ಣ ಬೆಳೆಗಾರರ ಮನೆಗಳಲ್ಲಿ ಇಂದಿಗೂ ಗೋಡೆಗೆ ತೂಗುಬಿದ್ದಿರುವುದು ಅಜ್ಜನ ಕಾಲದ ಕೇಪಿನ ಕೋವಿಯೇ. ಕೋವಿಯಿದೆ, ಲೈಸೆನ್ಸೂ ಇದೆ. ಒಳ್ಳೆಯ ಕರಿಮದ್ದು ಮಾತ್ರ ಬೇಕಾದಾಗ ಸಿಗುವುದಿಲ್ಲ. ಆಗ ಕೈ ಬದಲಿ ಮದ್ದಿನ ಕಡೆಗೆ ಹೋಗುತ್ತದೆ.

ಇತ್ತೀಚೆಗೆ ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿಯೂ ಈ ಮಾತು ಬಂದಿತು. "ಪಟಾಕಿ ಮದ್ದು ಹಾಕಿ ಎಷ್ಟೋ ಜನ ಹೊಡೆಯುತ್ತಿದ್ದಾರೆ, ಏನೂ ಆಗಿಲ್ಲವಲ್ಲ" ಎಂದು ಮಿತ್ರರೊಬ್ಬರು ವಾದಿಸಿದರು. ಅವರ ಕಷ್ಟ ನಮಗೂ ಗೊತ್ತು, ಮಂಗಗಳು ನಮ್ಮ ತೋಟಕ್ಕೂ ಬರುತ್ತವೆ. ಆದರೂ ಅವರ ಮಾತನ್ನು ಒಪ್ಪಲಾರೆವು. ಕಾರಣಗಳನ್ನು ಸದಸ್ಯರ ಮುಂದಿಡುತ್ತೇವೆ.

ಮೊದಲು, ಈ ಕೋವಿ ನಮ್ಮ ಕೈಯಲ್ಲಿ ಏಕಿದೆ ಎಂಬುದನ್ನು ನೆನೆಯೋಣ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ನಮಗಿಲ್ಲ. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೇ ಹೆಸರಿಸಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿ. ಆದರೆ ಕೋವಿಯ ಲೈಸೆನ್ಸು ಪ್ರಾಣಿ ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ತೋಟ ಅಗೆದ ಕಾಡುಹಂದಿಯನ್ನು ಹೊಡೆಯಲೂ ಅರಣ್ಯಾಧಿಕಾರಿಗಳ ಅನುಮತಿ ಬೇಕು. ಆದ್ದರಿಂದ ನಮ್ಮ ಕೋವಿಯ ಕೆಲಸ ಬಹುಪಾಲು ಸದ್ದು ಮಾಡುವುದು. ಸದ್ದಿಗೆ ಚರೆಯೂ ಬೇಡ, ಗುಂಡೂ ಬೇಡ. ಅಳತೆಯ ಕರಿಮದ್ದಿನ ಮೇಲೆ ಒಂದಿಷ್ಟು ನಾರು ಸಾಕು. ಹೆಚ್ಚು ಬಲದ ಮದ್ದನ್ನು ಹುಡುಕುವ ಅಗತ್ಯವೇ ನಮಗಿಲ್ಲ.

ಕರಿಮದ್ದು ಎಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಹಳೆಯ ಮದ್ದು. ನಮ್ಮ ಕೋವಿಗಳ ನಳಿಗೆಯನ್ನು ಮಾಡಿದ್ದು ಅದರ ಒತ್ತಡಕ್ಕೆ ತಕ್ಕಂತೆ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಹೊಡೆತಕ್ಕೆ ಸಿಡಿಯುವ ಮದ್ದಿನಿಂದ ಕೋವಿ ಹಾರಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಅದರಿಂದಲೇ ಮುಂದೆ ಕೇಪು ಬಂದಿತು, ಮಳೆಯಲ್ಲೂ ಈಡು ಹಾರುವಂತಾಯಿತು. ನೂರು ಇಂಚಿಗೂ ಮೀರಿ ಮಳೆ ಸುರಿಯುವ ಕೊಟ್ಟಿಗೆಹಾರದ ಕಡೆಯವರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ.

ಈಗ ಬದಲಿಗಳ ಮಾತು. ಮೊದಲನೆಯದು ಪೈರೋಡೆಕ್ಸ್‌ನಂತಹ ಅಮೆರಿಕದ ಮದ್ದು. ಅಲ್ಲಿ ಕರಿಮದ್ದನ್ನು ಸ್ಫೋಟಕವೆಂದು ಪರಿಗಣಿಸುವುದರಿಂದ ಅಂಗಡಿಯವರಿಗೆ ದಾಸ್ತಾನು ಕಷ್ಟವಾಗಿತ್ತು. ಆ ತೊಡಕು ತಪ್ಪಿಸಲು 1976ರ ಸುಮಾರಿಗೆ ಇದು ಮಾರುಕಟ್ಟೆಗೆ ಬಂದಿತು. ಅದನ್ನು ಕಂಡುಹಿಡಿದ ಡ್ಯಾನ್ ಪಾವ್ಲಾಕ್ 1977ರ ಜನವರಿಯಲ್ಲಿ ತನ್ನ ಕಾರ್ಖಾನೆಯ ಸ್ಫೋಟದಲ್ಲಿಯೇ, ಇನ್ನೂ ಮೂವರೊಂದಿಗೆ, ಪ್ರಾಣ ಬಿಟ್ಟ. ಆ ಮದ್ದು ಕೇಪಿನ ಕೋವಿಗೆಂದೇ ಮಾಡಿದ್ದು, ಸರಿಯಾಗಿ ಬಳಸಿದರೆ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಬೆಂಕಿ ಹತ್ತಲು ಕರಿಮದ್ದಿಗಿಂತ ಹೆಚ್ಚು ಕಾವು ಬೇಕು. ನಮ್ಮ ಹಳೆಯ ಕೋವಿಯ ಸಪ್ಪೆ ಕೇಪಿಗೆ ಅದು ಹೊತ್ತದೆಯೂ ಉಳಿಯಬಹುದು. ಅದರ ಕಿಟ್ಟವೂ ಕಬ್ಬಿಣ ತಿನ್ನುತ್ತದೆ. ಹೇಗೂ ಅದು ನಮ್ಮ ಪೇಟೆಯ ಸರಕಲ್ಲ.

ಎರಡನೆಯದು, ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಸಿದ್ಧಪಡಿಸಿದ ಮದ್ದಿನ ಕುಲ ಇದು. ಗಟ್ಟಿ ಉಕ್ಕಿನ ಹೊಸ ಕೋವಿಗಳಿಗೆ ಮಾತ್ರ ಹೊಂದುವಂಥದು. ಕರಿಮದ್ದಿನ ಅಳತೆಯಲ್ಲಿ ಇದನ್ನು ಕೇಪಿನ ಕೋವಿಗೆ ತುಂಬಿದರೆ ಒತ್ತಡ ಹಲವು ಪಟ್ಟು ಏರುತ್ತದೆ. ಕಡಿಮೆ ತುಂಬಿದರೆ ಸರಿಹೋದೀತು ಎಂಬುದೂ ಭ್ರಮೆಯೇ.

ಮೂರನೆಯದು ಪಟಾಕಿ ಮದ್ದು, ಬೆಂಕಿಕಡ್ಡಿಯ ತಲೆ. ಇವು ತಳ್ಳುವ ಮದ್ದುಗಳಲ್ಲ, ಸಿಡಿಯುವ ಮದ್ದುಗಳು. ಗಜದ ಕೋಲಿನಿಂದ ಕುಟ್ಟುವಾಗಲೇ ಹೊತ್ತಿಕೊಳ್ಳಬಹುದು. ಹಲವು ವರ್ಷಗಳ ಹಿಂದೆ ನಮ್ಮ ನೆರೆತೋಟದ ಹಿರಿಯರೊಬ್ಬರು ದೀಪಾವಳಿಯಲ್ಲಿ ಉಳಿದ ಪಟಾಕಿ ಬಿಚ್ಚಿ ಕೋವಿಗೆ ತುಂಬಿದ್ದರು. ಎರಡು ಈಡು ಸರಿಯಾಗಿಯೇ ಹೋಯಿತು. ಮೂರನೆಯದಕ್ಕೆ ನಳಿಗೆ ಕೇಪಿನ ಬುಡದಲ್ಲಿ ಒಡೆದು ಎಡಗೈಯ ಎರಡು ಬೆರಳು ಹೋದವು. ಆ ವರ್ಷ ಅವರ ಕಾಫಿ ಕೊಯ್ಲನ್ನು ನೆರೆಯವರಾದ ನಾವೇ ಮುಗಿಸಿಕೊಟ್ಟೆವು. "ಏನೂ ಆಗಿಲ್ಲವಲ್ಲ" ಎಂದು ಯಾರಾದರೂ ಹೇಳಿದಾಗ ನಮಗೆ ನೆನಪಾಗುವುದು ಆ ಮೊದಲ ಎರಡು ಈಡುಗಳೇ.

ಕೋವಿಯೇ ಬೇಡ, ಪೈಪಿನ ಕಾರ್ಬೈಡ್ ಗನ್ ಸಾಕು ಎನ್ನುವವರೂ ಇದ್ದಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಮಂದಿಯ, ಅದರಲ್ಲೂ ಮಕ್ಕಳ, ಕಣ್ಣಿಗೆ ಪೆಟ್ಟು ಮಾಡಿದ್ದು ಅದೇ ಸಾಧನ. ಈಡು ಹಾರಲಿಲ್ಲವೆಂದು ಪೈಪಿನೊಳಗೆ ಇಣುಕಿದರೆ ಕಣ್ಣೇ ಹೋದೀತು.

ಒಳ್ಳೆಯ ಕರಿಮದ್ದು ಸಿಕ್ಕರೂ ಎಚ್ಚರ ತಪ್ಪಬಾರದು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಒಳಗೆ ಕಿಡಿ ಉಳಿದಿದ್ದರೆ ಡಬ್ಬಿಯೇ ಸಿಡಿದೀತು. ಅಳತೆಗೆ ತೆಗೆದು, ಮುಖವನ್ನು ನಳಿಗೆಯ ಬಾಯಿಂದ ದೂರವಿಟ್ಟು ಹಾಕಬೇಕು. ತುಂಬಿದ್ದು ಮದ್ದಿಗೆ ತಾಗಿ ಕೂರಬೇಕು. ನಡುವೆ ಜಾಗ ಬಿಟ್ಟರೆ ನಳಿಗೆ ಉಬ್ಬಿ ಸೀಳುತ್ತದೆ. ಕೇಪು ಇಡುವುದು ಕೊಟ್ಟಕೊನೆಗೆ. ಸುಟ್ಟ ಕರಿಮದ್ದಿನಲ್ಲಿ ಅರ್ಧಕ್ಕೂ ಮೀರಿದ ಭಾಗ ಹೊಗೆಯ ಕಣವಾಗಿ, ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟದ ಉಪ್ಪು ಕರಗುವುದು ನೀರಿನಲ್ಲಿ, ಬರಿಯ ಸೀಮೆಎಣ್ಣೆಯಲ್ಲಿ ಅಲ್ಲ. ಅದೇ ದಿನ ಬಿಸಿನೀರಿನಿಂದ ತೊಳೆದು, ಒರೆಸಿ ಒಣಗಿಸಿ, ಎಣ್ಣೆ ಸವರಬೇಕು. ಮಳೆಗಾಲದಲ್ಲಿ ಥಂಡಿ ಹಿಡಿದು ಗಂಟುಕಟ್ಟಿದ ಮದ್ದನ್ನು ಒಲೆಯ ಹತ್ತಿರ ಒಣಗಿಸುವ ಸಾಹಸ ಖಂಡಿತ ಬೇಡ.

ಹಾಗಾದರೆ ಸಂಘ ಏನು ಮಾಡಬೇಕು? ಮದ್ದನ್ನು ನಾವೇ ತರಿಸಿ ಗೊಬ್ಬರದ ಗೋದಾಮಿನಲ್ಲಿ ಇಡೋಣವೆಂಬ ಸಲಹೆ ಬಂದಿದೆ. ಅದು ಕಾನೂನಿಗೂ ಒಗ್ಗದು, ಬುದ್ಧಿಗೂ ಒಗ್ಗದು. ನಮ್ಮ ಸೂಚನೆ ಇಷ್ಟೇ. ಕೋವಿಯುಳ್ಳ ಸದಸ್ಯರು ಮಳೆಗಾಲ ಮುಗಿಯುವುದರೊಳಗೆ ತಮಗೆ ಬೇಕಾದ ಮದ್ದು ಮತ್ತು ಕೇಪಿನ ಲೆಕ್ಕವನ್ನು ಕಚೇರಿಗೆ ಬರೆಸಲಿ. ಲೈಸೆನ್ಸಿನಲ್ಲಿ ನಮೂದಾದ ಪ್ರಮಾಣವನ್ನು ಅದು ಮೀರದಿರಲಿ. ಒಟ್ಟು ಬೇಡಿಕೆಯನ್ನು ಪರವಾನಗಿಯುಳ್ಳ ವ್ಯಾಪಾರಿಗೆ ಸಂಘದಿಂದ ಮುಂಚಿತವಾಗಿ ತಿಳಿಸುತ್ತೇವೆ. ಸರಕು ಬಂದ ದಿನ ಪ್ರತಿಯೊಬ್ಬರೂ ತಮ್ಮ ಪುಸ್ತಕ ಒಯ್ದು, ತಾವೇ ಖರೀದಿಸಿ, ದಾಖಲೆ ಮಾಡಿಸಿಕೊಳ್ಳಲಿ. ಒಬ್ಬೊಬ್ಬರೇ ಕೇಳಿದಾಗ "ಇಲ್ಲ" ಎನ್ನುವ ವ್ಯಾಪಾರಿ ಐವತ್ತು ಮಂದಿಯ ಪಟ್ಟಿ ನೋಡಿದರೆ ತರಿಸಿಯಾನು ಎಂಬ ನಂಬಿಕೆ ನಮಗಿದೆ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಹೆಚ್ಚಿನ ಅವಧಿಯ ಧೈರ್ಯದಲ್ಲಿ ನವೀಕರಣ ಮರೆತವರೂ ನಮ್ಮಲ್ಲಿದ್ದಾರೆ, ಅದನ್ನೂ ನೋಡಿಕೊಳ್ಳಿ.

ಅಷ್ಟಾಗಿಯೂ ಮದ್ದು ಬರದಿದ್ದರೆ? ಕೋವಿ ಗೋಡೆಯ ಮೇಲೆಯೇ ಇರಲಿ. ಡಬ್ಬ ಬಡಿಯೋಣ, ನಾಯಿ ಸಾಕೋಣ, ಸರದಿಯ ಮೇಲೆ ಕಾಯೋಣ. ನಾಲ್ಕು ಗೊನೆ ಅಡಿಕೆ ಹೋದರೆ ಬರುವ ವರ್ಷ ಮತ್ತೆ ಬಿಟ್ಟೀತು, ಬೆರಳು ಚಿಗುರುವುದಿಲ್ಲ. ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಮಂಡಿಸಲಿದ್ದೇವೆ. ನಮ್ಮ ಮಾತು ಒಪ್ಪದವರು ತಪ್ಪದೆ ಬಂದು ತಮ್ಮ ವಾದ ಹೇಳಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ