ಕಟ್ಟಡ ಆಮೇಲೆ, ಮಾಸ್ತರು ಮೊದಲು

ಹಳ್ಳಿಯಲ್ಲಿ ಕಲೆ ಉಳಿಯಬೇಕು ಎಂದು ವೇದಿಕೆ ಮೇಲೆ ಗಂಟಲು ಹರಿದುಕೊಳ್ಳುವವರೆಲ್ಲ ಕೊನೆಗೆ ಕೇಳುವುದು ಒಂದು ಕಟ್ಟಡವನ್ನು. ಕಲಾಭವನ, ಬಯಲು ರಂಗಮಂದಿರ, ಸಮುದಾಯ ಭವನ, ಹೆಸರು ಏನಾದರೂ ಇರಲಿ, ಬೇಡಿಕೆ ಮಾತ್ರ ಸಿಮೆಂಟು ಕಬ್ಬಿಣದ್ದು. ಕೊಡುವವರಿಗೂ ಅದೇ ಅನುಕೂಲ. ಅಡಿಗಲ್ಲಿಗೊಂದು ಫೋಟೊ, ಉದ್ಘಾಟನೆಗೊಂದು ಫೋಟೊ, ಗೋಡೆಯ ಮೇಲೆ ಹೆಸರು. ಆಮೇಲೆ ಅಲ್ಲಿ ಮದುವೆ ನಡೆಯುತ್ತದೆ, ಸೀಮಂತ ನಡೆಯುತ್ತದೆ, ಐದು ವರ್ಷಕ್ಕೊಮ್ಮೆ ಮತಗಟ್ಟೆಯಾಗುತ್ತದೆ. ಊರಿಗೆ ಇವೆಲ್ಲ ಬೇಕಾದವೇ, ತಕರಾರಿಲ್ಲ. ಆದರೆ ಕಲಿಸುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ನನ್ನ ವಾದ ಇಷ್ಟೇ: ಊರಿನ ಕಲಾಕೇಂದ್ರ ಎಂದರೆ ಮೊದಲು ಒಬ್ಬ ಮಾಸ್ತರು ಅಥವಾ ಒಬ್ಬ ಅಕ್ಕೋರು, ಅವರಿಗೆ ತಿಂಗಳು ತಪ್ಪದೆ ಸಂಬಳ. ಗೋಡೆ, ಚಾವಣಿಯ ಮಾತು ಅದಾದ ಮೇಲೆ.

ಹುನಗುಂದ ಸೀಮೆಯ ರಾಮಥಾಳದ ಹೆಸರು ಹೊರಗಿನವರಿಗೆ ಗೊತ್ತಾದದ್ದು ಹನಿ ನೀರಾವರಿಯಿಂದ. 24,000 ಹೆಕ್ಟೇರ್ ಜಮೀನಿಗೆ ಒಟ್ಟಾಗಿ ಕೊಳವೆಯಲ್ಲಿ ನೀರು ಕೊಡುವ ಸಾಮೂಹಿಕ ಯೋಜನೆ ಅದು. ಇಲ್ಲಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ: ಕೊಳವೆ ಹೂಳುವುದು ಒಂದು ಕೆಲಸ, ವಾಲ್ವ್ ತಿರುಗಿಸಿ, ಫಿಲ್ಟರ್ ತೊಳೆದು, ಎಲ್ಲಿ ಕಟ್ಟಿಕೊಂಡಿದೆ ಎಂದು ದಿನವೂ ಹೊಲ ಸುತ್ತುವುದು ಇನ್ನೊಂದು ಕೆಲಸ. ಎರಡನೆಯದನ್ನು ಮಾಡುವ ಮನುಷ್ಯ ಇಲ್ಲದಿದ್ದರೆ ಮೊದಲನೆಯದಕ್ಕೆ ಸುರಿದ ದುಡ್ಡು ಮಣ್ಣಿನೊಳಗೇ ಉಳಿಯುತ್ತದೆ. ಕಲಾಭವನಗಳ ಗತಿಯೂ ಇದೇ.

ಮಾಸ್ತರಿಲ್ಲದ ಕಡೆ ಮಕ್ಕಳು ಚಿತ್ರ ಬಿಡಿಸುವುದಿಲ್ಲವೇ? ಬಿಡಿಸುತ್ತಾರೆ. ಯಾವ ಸರಕಾರಿ ಶಾಲೆಗೆ ಹೋಗಿ ಒಂದು ಚಿತ್ರ ತೆಗೆಯಿರಿ ಎಂದರೂ ಕೈಗೆ ಬರುವುದು ಒಂದೇ. ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಗುಡ್ಡದ ಸಂದಿಯಿಂದ ಇಳಿದು ಬರುವ ಹೊಳೆ, ದಂಡೆಯ ಮೇಲೊಂದು ತೆಂಗಿನ ಮರ, ಹಂಚಿನ ಮನೆ, ಆಕಾಶದಲ್ಲಿ ನಾಲ್ಕು ಹಕ್ಕಿ. ಇದನ್ನು ಬಿಡಿಸುವ ಹುಡುಗಿಯ ಮನೆಯಿಂದ ಹೊರಗೆ ಬಂದರೆ ಕಣ್ಣು ಹಾಯುವವರೆಗೂ ಎರೆಹೊಲ. ಬಿಳಿಜೋಳ, ಕಡಲೆ, ಸೂರ್ಯಕಾಂತಿ. ಗುಡ್ಡ ನೋಡಬೇಕೆಂದರೆ ಐಹೊಳೆ ಕಡೆಗೆ ಹೋಗಬೇಕು, ಅಲ್ಲಿಯ ಗುಡ್ಡಕ್ಕೆ ಚೂಪು ತುದಿಯೇ ಇಲ್ಲ. ಬಾದಾಮಿ, ಐಹೊಳೆಯ ಮರಳುಗಲ್ಲಿನ ಗುಡ್ಡಗಳು ನೆತ್ತಿ ಕೊಯ್ದು ಸಮ ಮಾಡಿಟ್ಟಂತೆ ಚಪ್ಪಟೆಯಾಗಿವೆ. ರವಿಕೀರ್ತಿಯ ಶಾಸನ ಇರುವ ಮೇಗುತಿ ಗುಡಿ, ಕ್ರಿ.ಶ. 634ರದ್ದು, ಇಂಥ ಚಪ್ಪಟೆ ನೆತ್ತಿಯ ಮೇಲೇ ಕೂತಿದೆ. ಶಾಲೆಯಿಂದ ಪ್ರವಾಸ ಹೋದಾಗ ಆ ಹುಡುಗಿ ಅದನ್ನು ಹತ್ತಿ ಇಳಿದಿರುತ್ತಾಳೆ. ಮರುದಿನ ಹಾಳೆಯ ಮೇಲೆ ಮೂಡುವುದು ಮತ್ತೆ ತ್ರಿಕೋನವೇ.

ಇದನ್ನು ಮಕ್ಕಳ ದೋಷ ಎನ್ನಲಾಗದು. ಯಾರೋ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಅವರು ಬರೆದಿದ್ದಾರೆ, ಬರೆದವರೂ ಇನ್ನೆಲ್ಲೋ ನೋಡಿ ಬರೆದವರು. ಕಂಡದ್ದನ್ನು ಬರೆ ಎಂದು ಬಾಯಲ್ಲಿ ಹೇಳಿದರೆ ಇದು ಹೋಗುವುದಿಲ್ಲ. ಮಕ್ಕಳ ಪಕ್ಕದಲ್ಲಿ ಕೂತು ತಾನೂ ಆ ಗುಡ್ಡವನ್ನೇ ನೋಡಿ ಬರೆಯುವ, ತಪ್ಪಿದರೆ ಅಳಿಸುವ, ಮತ್ತೆ ತಲೆಯೆತ್ತಿ ನೋಡುವ ಒಬ್ಬರು ಬೇಕು. ಮಕ್ಕಳು ನೋಡಿ ಕಲಿಯುವುದು ಆ ಅಳಿಸುವಿಕೆಯನ್ನು. ಹೀಗಾಗಿ ಕಲಿಸುವವರು ತಾವೂ ಕೆಲಸ ಮಾಡುತ್ತಿರುವವರಾಗಿರಬೇಕು ಎಂಬುದನ್ನು ನಾನು ಮೊದಲ ಷರತ್ತಾಗಿ ಇಡುತ್ತೇನೆ. ಚಿತ್ರ ಬಿಟ್ಟು ಇಪ್ಪತ್ತು ವರ್ಷವಾದವರು ಹಾಜರಿ ಚೆನ್ನಾಗಿ ಹಾಕಬಲ್ಲರು, ಇದನ್ನು ಕಲಿಸಲಾರರು.

ಮನುಷ್ಯನನ್ನು ಮೊದಲು ಹುಡುಕುವ ಪದ್ಧತಿ ಈ ಸೀಮೆಗೆ ಹೊಸದೂ ಅಲ್ಲ. ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗಮಂದಿರ ಕಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳು, ಕಣ್ಣಿಲ್ಲದ ಒಬ್ಬ ಹುಡುಗನ ಕಂಠ ಕೇಳಿ ಅವನಿಗೆ ಗುರುಗಳನ್ನು ಹುಡುಕಿಕೊಟ್ಟರು. ನೀಲಕಂಠಬುವಾ ಅವರಂಥ ವಿದ್ವಾಂಸರಿಂದ ಹಿಂದೂಸ್ತಾನಿ ಕಲಿಯುವ ಏರ್ಪಾಡು ಮಾಡಿದರು. ಆ ಹುಡುಗ ಪಂಚಾಕ್ಷರ ಗವಾಯಿಗಳಾದರು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಾದರು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರು, ಬಡವರು ಉಂಡು ಮಲಗಿ ಸಂಗೀತ ಕಲಿತರು. ಆಶ್ರಮದ ಖರ್ಚಿಗೆ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ದುಡ್ಡು ಹೋದದ್ದು ಮೊದಲು ಅನ್ನಕ್ಕೆ, ಕಲಿಸುವವರಿಗೆ. ಚಿತ್ರಕಲೆಯಲ್ಲೂ ಹೀಗೇ ಆಗಿದೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದುಗಿನಲ್ಲಿ ಟಿ.ಪಿ. ಅಕ್ಕಿ, ಇವರು ನಡೆಸಿದ ಶಾಲೆಗಳನ್ನು ಜನ ಗುರುತಿಸುತ್ತಿದ್ದುದು ಮಾಸ್ತರ ಹೆಸರಿನಿಂದ. ಉತ್ತರ ಕರ್ನಾಟಕದ ಹೈಸ್ಕೂಲುಗಳಿಗೆ ಎಷ್ಟೋ ಡ್ರಾಯಿಂಗ್ ಮಾಸ್ತರರು ಬಂದದ್ದು ಇಂಥ ಶಾಲೆಗಳಿಂದಲೇ.

ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ ಅಲ್ಲಿ ಇದೆಲ್ಲ ಇದ್ದೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವ ಕಲಿಸಲು ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. ನೂರರ ಒಳಗಿದ್ದರೆ ಇಲ್ಲ. ಅಂದರೆ ಸಣ್ಣ ಊರಿನ ಮಕ್ಕಳಿಗೆ ಗಣಿತ ಎಷ್ಟು ಬೇಕೋ ಅಷ್ಟೇ ಬೇಕು, ಬಣ್ಣ ಮಾತ್ರ ತಲೆಯೆಣಿಕೆಯ ಮೇಲೆ. ಕಲೆ ಹತ್ತನೆಯ ತರಗತಿಯವರೆಗೂ ಕಡ್ಡಾಯ ವಿಷಯವಾಗಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಹೇಳಿದ್ದು ಹೇಳಿದಲ್ಲೇ ಇದೆ. ಶಾಲೆ ಕೊಡದ್ದನ್ನು ಊರೇ ಕೊಡಬೇಕಾಗಿ ಬಂದಿರುವುದರಿಂದಲೇ ಕಲಾಕೇಂದ್ರದ ಮಾತು ಎತ್ತಬೇಕಾಗಿದೆ.

ಹಾಗಾದರೆ ರಾಮಥಾಳದಂಥ ಊರಿಗೆ ಮಾಸ್ತರರನ್ನು ಎಲ್ಲಿಂದ ತರುವುದು? ಪದವಿ ಇದ್ದವರೇ ಬೇಕು ಎಂದರೆ ಧಾರವಾಡ, ಬೆಂಗಳೂರಿನ ಕಡೆ ನೋಡಬೇಕು, ಅವರು ಬರುವುದಿಲ್ಲ, ಬಂದರೂ ವರ್ಗಾವಣೆಯ ಅರ್ಜಿ ಕಿಸೆಯಲ್ಲಿಟ್ಟುಕೊಂಡೇ ಬರುತ್ತಾರೆ. ಕೈಯಲ್ಲಿ ಕಸುಬು ಇದ್ದವರು ಸಾಕು ಎಂದರೆ ಸುತ್ತಲೇ ಇದ್ದಾರೆ. ಪಕ್ಕದ ಇಳಕಲ್ಲಿನಲ್ಲಿ ಮನೆಮನೆಯಲ್ಲಿ ಮಗ್ಗ ಇತ್ತು, ಈಗಲೂ ಸಾಕಷ್ಟು ಇದೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುವ ಕೊಂಡಿ ಕೆಲಸ ಬಲ್ಲವರಿದ್ದಾರೆ. ಕೆಂಪು ಸೆರಗಿನಲ್ಲಿ ಬಿಳಿಯ ತೋಪು ತೆನಿ ಎತ್ತುವವರಿದ್ದಾರೆ. ಗುಳೇದಗುಡ್ಡದಲ್ಲಿ ಕುಬಸದ ಖಣ ನೇಯುವವರಿದ್ದಾರೆ. ಮತ್ತೆ ಕಸೂತಿ ಬಲ್ಲ ಹೆಣ್ಣುಮಕ್ಕಳು. ಕಲಾ ಬೋಧಕರ ಹುದ್ದೆಗೆ ಅರ್ಜಿ ಹಾಕಬಹುದು ಎಂದು ಇವರಲ್ಲಿ ಒಬ್ಬರಿಗೂ ಅನಿಸಿಲ್ಲ, ಅನಿಸುವಂತೆ ಯಾರೂ ಕೇಳಿಯೂ ಇಲ್ಲ.

ಕಸೂತಿಯ ಗವಂತಿ ಹೊಲಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಟ್ಟೆಯ ಮೇಲೆ ಮೊದಲೇ ಗೀಟು ಎಳೆದಿರುವುದಿಲ್ಲ, ಅಚ್ಚು ಒತ್ತಿರುವುದಿಲ್ಲ. ಗೋಪುರವೋ ತೇರೋ ತುಳಸಿ ಕಟ್ಟೆಯೋ, ಎಲ್ಲ ಎಳೆಯ ಲೆಕ್ಕದಲ್ಲಿ. ಸೂಜಿ ಹೋಗುವಾಗ ಒಂದು ಮನೆ ಹಾಕಿ ಒಂದು ಮನೆ ಬಿಟ್ಟು ಹೋಗುತ್ತದೆ, ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾ ಬರುತ್ತದೆ. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಸೆರಗಿನ ಮುಂದೆ ಯಾವುದು ಹಿಂದೆ ಯಾವುದು ಎಂದು ತಿಳಿಯಬಾರದು. ಹೋಗುವಾಗ ಒಂದೆಳೆ ತಪ್ಪಿದ್ದರೆ ಬರುವಾಗ ಮನೆ ಕೂಡುವುದಿಲ್ಲ. ಮಾಸ್ತರು ಕೆಂಪು ಪೆನ್ನು ಹಿಡಿಯುವ ಮೊದಲೇ ತಪ್ಪು ತಾನಾಗಿ ಕಾಣುತ್ತದೆ. “ಎಳಿ ತಪ್ಪೈತಿ, ಬಿಚ್ಚು” ಎಂದು ಹೇಳುವ ಚಿಗವ್ವನಿಗೆ ಬಿ.ಇಡಿ. ಆಗಿರಬೇಕಾಗಿಲ್ಲ. ಒಂದು ಜ್ಯಾಮಿತಿಯ ಪಾಠಕ್ಕಿಂತ ಹೆಚ್ಚು ಲೆಕ್ಕ, ಒಂದು ಚಿತ್ರದ ಪಾಠಕ್ಕಿಂತ ಹೆಚ್ಚು ಕಣ್ಣಿನ ಕೆಲಸ ಇದರಲ್ಲಿದೆ ಎಂದು ನಾನು ನಂಬುತ್ತೇನೆ.

ಇಷ್ಟು ಹೇಳಿ ಇಲ್ಲಿಗೇ ನಿಲ್ಲಿಸಿದರೆ ಅದು ಹಳ್ಳಿಯ ಹೊಗಳಿಕೆಯಾದೀತು, ವಾದವಾಗದು. ಕೈಯಲ್ಲಿ ಕಸುಬು ಇದ್ದವರೆಲ್ಲ ಕಲಿಸಬಲ್ಲವರಲ್ಲ. ಮನೆತನದ ಕಸುಬನ್ನು ಹೊರಗಿನ ಮಕ್ಕಳಿಗೆ ತೋರಿಸದೆ ಬಚ್ಚಿಟ್ಟುಕೊಳ್ಳುವವರಿದ್ದಾರೆ. ಯಾಕೆ ಹೀಗೆ ಎಂದು ಕೇಳಿದರೆ ನಮ್ಮಪ್ಪ ಹೀಗೇ ಮಾಡತಿದ್ದ ಎನ್ನುವುದೇ ಉತ್ತರವಾದವರಿದ್ದಾರೆ. ಯಾವ ಜಾತಿಯ ಮಗು ಯಾವ ಕೆಲಸಕ್ಕೆ ಕೈ ಹಾಕಬೇಕು ಎಂಬ ಹಳೆಯ ಲೆಕ್ಕವೂ ಕಸುಬಿನ ಜೊತೆಗೇ ಬರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಇದು. ತರಬೇತಿ ಪಡೆದ ಡ್ರಾಯಿಂಗ್ ಮಾಸ್ತರರ ಉಪಯೋಗ ಇಲ್ಲಿದೆ. ಎಲ್ಲರ ಮಕ್ಕಳನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ, ಸುಲಭದ್ದು ಮೊದಲು ಕಷ್ಟದ್ದು ಆಮೇಲೆ ಎಂದು ಪಾಠ ಕಟ್ಟುವುದು ಒಂದು ವಿದ್ಯೆ. ಅದು ಮಗ್ಗದ ಮುಂದೆ ಕೂತರೆ ಬರುವುದಿಲ್ಲ. ಹಾಗಾಗಿ ಒಬ್ಬರಲ್ಲ, ಇಬ್ಬರು ಬೇಕು: ಪಾಠ ಕಟ್ಟುವವರೊಬ್ಬರು, ಕಸುಬಿನವರೊಬ್ಬರು. ಇಬ್ಬರಿಗೂ ಸಂಬಳ ಒಂದೇ ಇರಬೇಕು. ಕಸುಬಿನವರಿಗೆ ಶಾಲು, ಹಾರ, ಫಲತಾಂಬೂಲ, ಸರ್ಟಿಫಿಕೇಟಿನವರಿಗೆ ಸಂಬಳ ಎಂದರೆ ಒಂದೇ ವರ್ಷದಲ್ಲಿ ಕಸುಬಿನವರು ಮಗ್ಗಕ್ಕೆ ಮರಳುತ್ತಾರೆ, ಮರಳಬೇಕಾದದ್ದೂ ಸರಿ.

ಲೋವರ್, ಹೈಯರ್ ಎಂಬ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳನ್ನು ಹೀಗಳೆಯುವುದು ಈಗ ಒಂದು ಚಾಳಿಯಾಗಿದೆ. ಕೊಡ, ಛತ್ರಿ ಬರೆಸಿ ಬರೆಸಿ ಮಕ್ಕಳ ಕೈ ಕಟ್ಟುತ್ತಾರೆ ಎನ್ನುವುದರಲ್ಲಿ ಸತ್ಯ ಇದೆ. ಆದರೆ ಬಡವರ ಮನೆಯ ಹುಡುಗನೊಬ್ಬ ಚಿತ್ರ ಬರೆಯುತ್ತಾ ಕೂತಾಗ ಅಪ್ಪನಿಗೆ ತೋರಿಸಲು ಇದ್ದದ್ದು ಆ ಒಂದು ಕಾಗದ. ಅದನ್ನು ಹಿಡಿದು ನೌಕರಿ ಸೇರಿದವರ ಮಕ್ಕಳು ಇವತ್ತು ಅದನ್ನು ನೋಡಿ ನಗುವುದು ಸುಲಭ. ಪರೀಕ್ಷೆ ಇರಲಿ, ಬೇಕಾದವರು ಕಟ್ಟಲಿ. ತರಗತಿಯನ್ನೇ ಪರೀಕ್ಷೆಗಾಗಿ ನಡೆಸುವುದು ಬೇಡ.

ಬಾದಾಮಿಯ ಮಣ್ಣಿನಿಂದ ಹೊರಟ ಒಬ್ಬ ದೊಡ್ಡ ಮಾಸ್ತರರಿದ್ದಾರೆ, ಆರ್.ಎಂ. ಹಡಪದ್. 1936ರಲ್ಲಿ ಅಲ್ಲಿ ಹುಟ್ಟಿ, ಬೆಂಗಳೂರು ಸೇರಿ, 1968ರಲ್ಲಿ ಕೆನ್ ಕಲಾಶಾಲೆ ಶುರು ಮಾಡಿದರು. 2003ರಲ್ಲಿ ತೀರಿಕೊಳ್ಳುವವರೆಗೆ ಶಾಲೆಯೇ ಅವರ ಬದುಕಾಗಿತ್ತು. ಅವರ ಹತ್ತಿರ ಕಲಿತವರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಒಬ್ಬರು. ಸೆಗಣಿ, ಕುಂಕುಮ, ದಾರ, ತಲೆಗೂದಲು ಇಂಥ ಮನೆಯ ಸುತ್ತಲ ವಸ್ತುಗಳಲ್ಲೇ ಕೆಲಸ ಮಾಡಿದವರು. ಅವರ ಕೃತಿಗಳು 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾಗೆ, 2009ರಲ್ಲಿ ವೆನಿಸ್ ಬಿಯೆನ್ನಾಲೆಗೆ ಹೋದವು. ಇದನ್ನು ಹೇಳಿದ್ದು ಪ್ರತಿ ಊರಿನ ಕಲಾಕೇಂದ್ರದಿಂದಲೂ ವೆನಿಸ್ಸಿಗೆ ಬಸ್ ಬಿಡಬೇಕು ಎಂದಲ್ಲ. ಒಬ್ಬ ಮಾಸ್ತರು ಒಂದು ಜಾಗದಲ್ಲಿ ಮೂವತ್ತೈದು ವರ್ಷ ಬಿಡದೆ ಕೂತರೆ ಏನಾಗಬಹುದು ಎನ್ನುವುದಕ್ಕೆ. ಆ ಜಾಗ ಬಾದಾಮಿಯಾಗದೆ ಬೆಂಗಳೂರಾಯಿತು. ಇಲ್ಲಿ ನಾವು ಚಾಲುಕ್ಯ ಉತ್ಸವದಲ್ಲಿ ಪಟ್ಟದಕಲ್ಲಿನ ಗುಂಡ ಅನಿವಾರಿತಾಚಾರಿಯ ಹೆಸರು ಹೇಳಿ ಚಪ್ಪಾಳೆ ತಟ್ಟುತ್ತೇವೆ. ವಿರೂಪಾಕ್ಷ ಗುಡಿ ಕಟ್ಟಿದ ಅವನಿಗೆ ಅರಸ ಪೆರ್ಜೆರೆಪು ಎಂಬ ಪಟ್ಟ ಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಉತ್ಸವದ ಲೈಟಿಂಗಿಗೆ ಆಗುವ ಖರ್ಚಿನಲ್ಲಿ ಸುತ್ತಲಿನ ಹಳ್ಳಿಗಳ ಮಾಸ್ತರರಿಗೆ ಎಷ್ಟು ತಿಂಗಳ ಸಂಬಳ ಆದೀತು ಎಂದು ಯಾರಾದರೂ ಲೆಕ್ಕ ಹಾಕಿದರೆ ಒಳ್ಳೆಯದು.

“ಚಿತ್ರಾ ಬರದ್ರ ಹೊಟ್ಟಿ ತುಂಬತೈತೇನ?” ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು, ಅವರು ಕೇಳುವುದು ನ್ಯಾಯವಾಗಿಯೇ ಇದೆ. ತುಂಬುವುದಿಲ್ಲ. ಈ ತರಗತಿಗೆ ಬಂದವರಲ್ಲಿ ಬಹುಪಾಲು ಮಕ್ಕಳು ಕಲಾವಿದರಾಗುವುದಿಲ್ಲ, ಆಗಲಿ ಎಂದು ನಡೆಸುವುದೂ ಸಲ್ಲ. ಶಾಲೆಯಲ್ಲಿ ಕನ್ನಡ ಕಲಿತವರೆಲ್ಲ ಕವಿಗಳಾದರೇ? ಇಳಕಲ್ ಸೀರೆಯ ಹೆಸರಿನಲ್ಲಿ ಪವರ್‌ಲೂಮಿನ ಮಾಲು ಕೈಗೆ ಬಂದಾಗ ಸೆರಗು ತಿರುಗಿಸಿ ಕೊಂಡಿ ಇದೆಯೇ ಎಂದು ನೋಡುವ ಕಣ್ಣು ಊರಲ್ಲಿ ಉಳಿದರೆ ನೇಕಾರನಿಗೆ ನಾಳೆಯೂ ಗಿರಾಕಿ ಇರುತ್ತದೆ. ಹೊಟ್ಟೆಯ ಲೆಕ್ಕಕ್ಕೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ, ಅದು ಸಣ್ಣದಲ್ಲ.

ಹೀಗೆ ಶುರು ಮಾಡಬಹುದು. ಶಾಲೆಯ ಒಂದು ಕೋಣೆ, ಭಾನುವಾರ ಮುಂಜಾನೆ. ಸಂಜೆ ಇಟ್ಟರೆ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ಕಳಿಸಿದರೂ ಹೊತ್ತು ಮುಳುಗುವ ಮೊದಲು ಏಳಿಸಿ ಕರೆದೊಯ್ಯುತ್ತಾರೆ. ಕಡಲೆ ಕೀಳುವ, ಜೋಳ ಕೊಯ್ಯುವ ಸುಗ್ಗಿಯಲ್ಲಿ ರಜೆ, ಆ ತಿಂಗಳಿಗೂ ಮಾಸ್ತರರಿಗೆ ಸಂಬಳ. ಪಂಚಾಯ್ತಿ ಅರ್ಧ ಕೊಡಲಿ, ಊರು ಅರ್ಧ ಕೂಡಿಸಲಿ. ಜಾತ್ರೆಗೆ ಪಟ್ಟಿ ಎತ್ತುವ ಊರಿಗೆ ಇದು ಭಾರವಲ್ಲ. ಮೂರು ವರ್ಷ ಬಿಡದೆ ನಡೆದರೆ ಆಮೇಲೆ ಶಾಸಕರ ಹತ್ತಿರ ಹೋಗಿ ಭವನ ಕೇಳೋಣ. ಆಗ ಕಿಟಕಿ ಯಾವ ದಿಕ್ಕಿಗಿದ್ದರೆ ಬೆಳಕು ಸರಿಯಾಗಿ ಬೀಳುತ್ತದೆ, ಕುಣಿ ಮಗ್ಗಕ್ಕೆ ಎಲ್ಲಿ ನೆಲ ಅಗೆಯಬೇಕು, ಬಣ್ಣದ ಬಟ್ಟಲು ತೊಳೆಯುವ ನಲ್ಲಿ ಎಷ್ಟು ಎತ್ತರಕ್ಕಿರಬೇಕು ಎಂದು ಎಂಜಿನಿಯರರಿಗೆ ಹೇಳುವವರು ಊರಿನಲ್ಲೇ ಇರುತ್ತಾರೆ.