ಅಂಕಣಕಾರ ಎಲ್ಲಿ ನಿಂತು ಬರೆಯುತ್ತಾನೆ?

ಕನ್ನಡದ ಯುವಕ ಯುವತಿಯರೇ,

ಇಂಗ್ಲಿಷ್ ಪೇಪರಿನ ನಡುಪುಟದಲ್ಲಿ ಪುಟ್ಟ ಫೋಟೋ ಹಾಕಿಕೊಂಡು ಲೋಕಕ್ಕೆಲ್ಲ ಬುದ್ಧಿ ಹೇಳುವ ಅಂಕಣಕಾರರನ್ನು ನೀವು ಓದಿದ್ದೀರಿ. ಬೆಳಿಗ್ಗೆ ಓದಿದ್ದನ್ನು ಸಂಜೆ ಗೆಳೆಯರ ಮುಂದೆ ಸ್ವಂತ ಅಭಿಪ್ರಾಯವೆಂಬಂತೆ ಒಪ್ಪಿಸುವುದೂ ಉಂಟು. ಇರಾಕ್ ಬಗ್ಗೆ, ಸೌದಿ ಬಗ್ಗೆ, ಪ್ಯಾಲೆಸ್ಟೈನ್ ಬಗ್ಗೆ ನಿಮ್ಮ ನಾಲಿಗೆಯ ಮೇಲಿರುವ ಮಾತು ನಿಜಕ್ಕೂ ಯಾರದು?

ಒಬ್ಬನನ್ನೇ ತೆಗೆದುಕೊಳ್ಳೋಣ. ಥಾಮಸ್ ಫ್ರೀಡ್‌ಮನ್. 1995ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿದೇಶಾಂಗ ಅಂಕಣಕಾರನಾದವನು. ಬೆಂಗಳೂರಿಗೂ ಈತನಿಗೂ ನಂಟುಂಟು. 2004ರಲ್ಲಿ ಇಲ್ಲಿಗೆ ಬಂದ. ಇನ್ಫೋಸಿಸ್‌ನ ನಂದನ್ ನಿಲೇಕಣಿಯವರ ಮಾತಿನಿಂದ ಎಳೆ ಹಿಡಿದು, 2005ರಲ್ಲಿ 'ದಿ ವರ್ಲ್ಡ್ ಈಸ್ ಫ್ಲಾಟ್' ಎಂಬ ಪುಸ್ತಕ ಹೊರತಂದ. ಆ ಪುಸ್ತಕ ಶುರುವಾಗುವುದೇ ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ. ಅಲ್ಲಿ ನಿಂತವನ ಕಣ್ಣಿಗೆ ಮೈಕ್ರೋಸಾಫ್ಟ್, ಐಬಿಎಂ ಕಟ್ಟಡಗಳು ಬಿದ್ದವು. ಪ್ರಪಂಚ ಸಮತಟ್ಟಾಗುತ್ತಿದೆ ಎಂದು ಸಾರಿದ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದ್ದರೆ ಅಷ್ಟು ಸಮತಟ್ಟಾಗಿ ಕಾಣುತ್ತಿತ್ತೇ?

ಅಂಕಣಕಾರ ಎಲ್ಲಿ ನಿಂತಿದ್ದಾನೋ ಅದೇ ಅವನ ರಾಜಕೀಯ. ಬೆಂಗಳೂರಿನ ವಿಷಯದಲ್ಲಿ ಇದು ನಮಗೆ ಥಟ್ಟನೆ ಹೊಳೆಯುತ್ತದೆ, ಏಕೆಂದರೆ ಊರು ನಮ್ಮದು. ಅರಬ್ ನಾಡುಗಳ ಬಗ್ಗೆ ಅದೇ ಮನುಷ್ಯ ಬರೆದಾಗ ಮಾತ್ರ ತಲೆಯಾಡಿಸಿಬಿಡುತ್ತೇವೆ.

ಹಾಗೆಂದು ಸುಮ್ಮನೆ ಬೈಯುವುದು ಬೇಡ. ಫ್ರೀಡ್‌ಮನ್ ಹೋಟೆಲ್ ರೂಮಿನಲ್ಲಿ ಕೂತು ಬರೆದ ಆಸಾಮಿಯಲ್ಲ. ಅರಬ್ಬೀ ಭಾಷೆ ಕಲಿತ. ಕೈರೋದಲ್ಲಿ ಓದಿದ. 1982ರಲ್ಲಿ ಬೈರೂತ್‌ನಲ್ಲಿದ್ದು ಸಾಬ್ರಾ, ಶತೀಲಾ ನಿರಾಶ್ರಿತರ ಶಿಬಿರಗಳ ಹತ್ಯಾಕಾಂಡವನ್ನು ವರದಿ ಮಾಡಿದ. 1983ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಜೆರುಸಲೇಮಿನಿಂದ ಮಾಡಿದ ವರದಿಗಳಿಗೆ 1988ರಲ್ಲಿ ಮತ್ತೊಂದು. ಊರಿನ ಭಾಷೆ ಕಲಿತು ಬೀದಿ ಸುತ್ತಿದ ವರದಿಗಾರನ ಬಗ್ಗೆ ನಮಗೆ ಗೌರವವಿದೆ. ತಕರಾರು ಇರುವುದು ಅಂಕಣಕಾರನಾದ ಮೇಲಿನ ಫ್ರೀಡ್‌ಮನ್ ಬಗ್ಗೆ.

ಅಮೆರಿಕದ ಲೆಕ್ಕದಲ್ಲಿ ಈತ ಉದಾರವಾದಿ. ಡೆಮಾಕ್ರಟಿಕ್ ಪಕ್ಷದ ಕಡೆ ವಾಲಿದವನು. ಪರಿಸರದ ಪರ, ಮುಕ್ತ ವ್ಯಾಪಾರದ ಪರ. ಇಸ್ರೇಲ್ ಪಕ್ಕದಲ್ಲಿ ಪ್ಯಾಲೆಸ್ಟೈನ್ ಎಂಬ ರಾಷ್ಟ್ರವೂ ಇರಬೇಕು ಎನ್ನುವವನು, ನೆತನ್ಯಾಹುವಿನ ಕಟು ಟೀಕಾಕಾರ. ಇಷ್ಟು ಕೇಳಿದರೆ ಒಳ್ಳೆಯವನೇ ಅನ್ನಿಸುತ್ತದೆ. ಆದರೆ 2003ರಲ್ಲಿ ರಿಪಬ್ಲಿಕನ್ ಬುಷ್ ಇರಾಕಿನ ಮೇಲೆ ದಂಡೆತ್ತಿ ಹೋದಾಗ ಈ ಉದಾರವಾದಿ ಯುದ್ಧಕ್ಕೆ ಸೈ ಎಂದ! ಅರಬ್ ಲೋಕದ ನಡುವೆ ಒಂದು ಪ್ರಜಾಪ್ರಭುತ್ವ ನೆಟ್ಟರೆ ಸುತ್ತಲೂ ಚಿಗುರುತ್ತದೆ ಎಂಬುದು ಅವನ ವಾದ. ಅದೇ ವರ್ಷದ ಮೇ ತಿಂಗಳಲ್ಲಿ ಟಿವಿಯಲ್ಲಿ ಕೂತು, ಅಮೆರಿಕದ ಹುಡುಗರು ಹುಡುಗಿಯರು ಬಸ್ರಾದಿಂದ ಬಾಗ್ದಾದ್‌ವರೆಗೆ ಮನೆಮನೆಗೂ ನುಗ್ಗಿ ಪಾಠ ಕಲಿಸುವುದು ಅಗತ್ಯವಿತ್ತು ಎಂಬರ್ಥದಲ್ಲಿ ಒರಟಾಗಿ ಮಾತಾಡಿದ. ಸೌದಿಯನ್ನೋ ಪಾಕಿಸ್ತಾನವನ್ನೋ ಹೊಡೆಯಬಹುದಿತ್ತು, ಸಾಧ್ಯವಿತ್ತೆಂದು ಇರಾಕನ್ನು ಹೊಡೆದೆವು ಎಂದೂ ಹೇಳಿದ. ಯಾರ ಮನೆ? ಯಾರಿಗೆ ಪಾಠ?

ಯುದ್ಧಕ್ಕೆ ನೆಪವಾಗಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲೇ ಇಲ್ಲ. ಲಕ್ಷಕ್ಕೂ ಹೆಚ್ಚು ಇರಾಕಿ ನಾಗರಿಕರು ಸತ್ತರು. ಫ್ರೀಡ್‌ಮನ್ ಮಾತ್ರ ಮುಂದಿನ ಆರು ತಿಂಗಳು ನಿರ್ಣಾಯಕ ಎನ್ನುತ್ತಿದ್ದ. ಆರು ತಿಂಗಳು ಕಳೆದ ಮೇಲೆ ಮತ್ತೆ ಮುಂದಿನ ಆರು ತಿಂಗಳು! ಕೊನೆಗೆ 2006ರಲ್ಲಿ ಅಮೆರಿಕದ ಟೀಕಾಕಾರರೇ ಆರು ತಿಂಗಳ ಅವಧಿಗೆ 'ಫ್ರೀಡ್‌ಮನ್ ಯೂನಿಟ್' ಎಂದು ಹೆಸರಿಟ್ಟು ನಕ್ಕರು. ನಮ್ಮೂರಿನ ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದಂತಾಯಿತು ಇದು. ವ್ಯತ್ಯಾಸವೆಂದರೆ ಇಲ್ಲಿ ಕಾಯುತ್ತಿದ್ದವರು ಬಾಂಬಿನ ಕೆಳಗಿದ್ದರು.

ಅರಮನೆಗಳ ಕಡೆ ಬನ್ನಿ. 2002ರ ಫೆಬ್ರವರಿಯಲ್ಲಿ ಸೌದಿ ಯುವರಾಜ ಅಬ್ದುಲ್ಲಾ ಈತನನ್ನು ಊಟಕ್ಕೆ ಕರೆದ. 1967ರಲ್ಲಿ ಗೆದ್ದ ನೆಲವನ್ನು ಇಸ್ರೇಲ್ ಬಿಟ್ಟುಕೊಟ್ಟರೆ ಅರಬ್ ದೇಶಗಳು ಅದರೊಡನೆ ಸಂಬಂಧ ಬೆಳೆಸುತ್ತವೆ ಎಂಬ ಸೂತ್ರ ಈತನ ಅಂಕಣದಲ್ಲೇ ಲೋಕಕ್ಕೆ ತಿಳಿಯಿತು. ಮಾರ್ಚಿಯಲ್ಲಿ ಬೈರೂತ್ ಶೃಂಗಸಭೆ ಅದನ್ನು ಅಂಗೀಕರಿಸಿತು. ಒಳ್ಳೆಯ ಕೆಲಸವೇ. ಆದರೆ ಅರಮನೆಯ ಊಟದ ರುಚಿ ಹತ್ತಿತು. 2017ರ ನವೆಂಬರಿನಲ್ಲಿ ಇನ್ನೊಬ್ಬ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್‌ನನ್ನು ಕಂಡು ಬಂದು, ಸೌದಿಗೆ ಕೊನೆಗೂ ಅರಬ್ ವಸಂತ ಬಂತು ಎಂದು ಹಾಡಿ ಹೊಗಳಿದ. ಟ್ಯುನಿಸ್, ಕೈರೋಗಳಲ್ಲಿ 2011ರ ವಸಂತ ಜನರಿಂದ ಎದ್ದಿತ್ತು. ರಾಜನೇ ಮೇಲಿನಿಂದ ಸುರಿಯುವ ವಸಂತ ಯಾವುದು?

ಆ ಹೊತ್ತಿಗೆ ಇನ್ನೊಬ್ಬ ಅಂಕಣಕಾರ ದೇಶ ಬಿಟ್ಟು ಹೋಗಿದ್ದ. ಜಮಾಲ್ ಖಶೋಗ್ಗಿ. ಸೌದಿಯವನೇ. 2017ರಿಂದ ವಾಷಿಂಗ್ಟನ್ ಪೋಸ್ಟ್‌ಗೆ ಬರೆಯುತ್ತಿದ್ದ. 2018ರ ಅಕ್ಟೋಬರ್ 2ರಂದು ಇಸ್ತಾಂಬುಲ್‌ನ ಸೌದಿ ದೂತಾವಾಸದೊಳಗೆ ಹೋದವನು ಹೊರಬರಲಿಲ್ಲ. ಒಳಗೇ ಕೊಂದರು. ಯುವರಾಜನ ಒಪ್ಪಿಗೆಯಿಂದಲೇ ಈ ಕೃತ್ಯ ನಡೆಯಿತೆಂದು ಅಮೆರಿಕದ ಗುಪ್ತಚರ ವರದಿ 2021ರಲ್ಲಿ ಹೇಳಿತು. ಸೌದಿ ಸರ್ಕಾರ ಅಲ್ಲಗಳೆಯಿತು. ಕೊಲೆಯ ಬಗ್ಗೆ ಫ್ರೀಡ್‌ಮನ್ನನೂ ನೊಂದು ಬರೆದ, ನಿಜ.

ಆದರೆ ಖಶೋಗ್ಗಿಯ ಕೊನೆಯ ಅಂಕಣ ಏನು ಕೇಳಿತ್ತು ಗೊತ್ತೇ? ಅರಬ್ಬರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ಮಾತಿನ ಸ್ವಾತಂತ್ರ್ಯ ಎಂದ. ತನ್ನ ಬರಹಗಳನ್ನು ಪತ್ರಿಕೆ ಅರಬ್ಬೀ ಭಾಷೆಗೆ ತರ್ಜುಮೆ ಮಾಡಿಸಿದ್ದಕ್ಕೆ ಸಂತೋಷಪಟ್ಟ. ತನ್ನ ಜನ ತಮ್ಮ ನುಡಿಯಲ್ಲೇ ಓದಿ ಚರ್ಚಿಸಬೇಕು ಎಂಬುದು ಅವನ ಹಂಬಲ. ಕನ್ನಡಕ್ಕಾಗಿ ಬೀದಿಗಿಳಿದವರಿಗೆ ಈ ಹಂಬಲವನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು 2024ರ ಫೆಬ್ರವರಿ. ಗಾಜಾದಲ್ಲಿ ಹೆಣಗಳು ಬೀಳುತ್ತಿರುವಾಗ ಫ್ರೀಡ್‌ಮನ್ ಆ ಭೂಭಾಗವನ್ನು ಪ್ರಾಣಿಲೋಕಕ್ಕೆ ಹೋಲಿಸಿ ಬರೆದ. ಅಮೆರಿಕ ಮುದಿ ಸಿಂಹವಂತೆ. ಇರಾನ್ ಪರಾವಲಂಬಿ ಕಣಜ. ಲೆಬನಾನ್, ಯೆಮೆನ್, ಸಿರಿಯಾ, ಇರಾಕ್ ಅದು ಮೊಟ್ಟೆ ಇಡುವ ಕಂಬಳಿಹುಳುಗಳು. ಅರಬ್ಬೀ ಕಲಿತವನ ಬಾಯಲ್ಲಿ ಅರಬ್ ದೇಶಗಳು ಹುಳುಗಳಾದವು! ಭಾಷೆ ಕಲಿತರೆ ಸಾಲದು, ಆ ಭಾಷೆಯ ಜನರ ಮಾತಿಗೆ ಕಿವಿಯನ್ನೂ ಕೊಡಬೇಕು.

ಇದೆಲ್ಲ ದೂರದ ಕಥೆ ಎನ್ನಬೇಡಿ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫ್ ದುಡಿಮೆಯಿಂದ. 1990ರಲ್ಲಿ ಸದ್ದಾಂ ಕುವೈತಿಗೆ ನುಗ್ಗಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಅಲ್ಲಿ ಯುದ್ಧವಾದರೆ ಇಲ್ಲಿ ಮನೆ ಅಲುಗಾಡುತ್ತದೆ. ಹೀಗಿರುವಾಗ ಅರಬ್ ಲೋಕವನ್ನು ನಾವು ನ್ಯೂಯಾರ್ಕಿನ ಕಿಟಕಿಯಿಂದ ನೋಡಬೇಕೇ?

ಆದ್ದರಿಂದ ಅಂಕಣ ಓದುವಾಗ ಮೂರು ಪ್ರಶ್ನೆ ಕೇಳಿ. ಈತ ಯಾರ ಜೊತೆ ಊಟ ಮಾಡಿ ಬರೆದ? ಈತನ ಮಾತು ಸುಳ್ಳಾದರೆ ಸಾಯುವವರು ಯಾರು? ಅಲ್ಲಿಯ ಜನರ ಮಾತು ಇದರಲ್ಲಿ ಒಂದಾದರೂ ಇದೆಯೇ? ಕನ್ನಡ ಪತ್ರಿಕೆಗಳ ಸಂಪಾದಕರಿಗೂ ಒಂದು ಕಾರ್ಡು ಹಾಕಿ. ಅಮೆರಿಕದ ಅಂಕಣದ ತರ್ಜುಮೆ ನಮಗೆ ಸಾಲದು. ಕರಾವಳಿಯಲ್ಲಿ ಕನ್ನಡವನ್ನೂ ಅರಬ್ಬೀಯನ್ನೂ ಬಲ್ಲ ಹುಡುಗ ಹುಡುಗಿಯರಿದ್ದಾರೆ. ಅವರಿಂದ ಬರೆಸಿ. ಬಾಗ್ದಾದಿನ ತಾಯಿ ತನ್ನ ಭಾಷೆಯಲ್ಲಿ ಹೇಳಿದ್ದು ನೇರವಾಗಿ ನಮ್ಮ ಭಾಷೆಗೆ ಬರಲಿ. ಕನ್ನಡದ ಹಕ್ಕು ಎಂದರೆ ಬೋರ್ಡಿನ ಮೇಲಿನ ಅಕ್ಷರದ ಜೊತೆಗೆ, ಲೋಕವನ್ನು ನಮ್ಮ ಕಣ್ಣಿನಿಂದ ನೋಡುವ ಹಕ್ಕೂ ಹೌದು. ಅದನ್ನು ಯಾರೂ ತಾವಾಗಿ ಕೊಡುವುದಿಲ್ಲ. ಕೇಳಿ ಪಡೆಯಿರಿ.